ಕಪನೂರ ದಾಟಿ ಬರುವ ಯಾತ್ರಿಕರು: ಕ್ವಾರಂಟೈನ್ ನಿಯಮಗಳ ಇತಿಹಾಸ ಮತ್ತು ನಮ್ಮ ಹೊಣೆ

ಹೈದರಾಬಾದಿನಿಂದ ಹುಮನಾಬಾದ, ಕಮಲಾಪುರ ಮಾರ್ಗವಾಗಿ ಬರುವವರಿಗೆ ಕಪನೂರ ಕಂಡಿತೆಂದರೆ ಕಲಬುರಗಿ ಬಂತೆಂದೇ ಅರ್ಥ. 2019ರ ನವೆಂಬರ್‌ನಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತಾದರೂ ಅಲ್ಲಿ ವಿದೇಶದ ವಿಮಾನಗಳು ಇಳಿಯುತ್ತಿರಲಿಲ್ಲ. ಹಜ್ಜ್ ಮತ್ತು ಉಮ್ರಾ ಮುಗಿಸಿ ಬರುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ರಜೆಗೆ ಬರುವವರು, ಹೀಗೆ ನಮ್ಮ ಭಾಗದ ಬಹಳಷ್ಟು ಜನರು ಹೈದರಾಬಾದಿನಲ್ಲಿ ಇಳಿದು ರಸ್ತೆಯ ಮೂಲಕವೋ ರೈಲಿನ ಮೂಲಕವೋ ಊರು ಸೇರುತ್ತಾರೆ. ಅವರ ತಪಾಸಣೆ ನಡೆಯುವುದು ಒಂದು ರಾಜ್ಯದಲ್ಲಿ, ಅವರ ಮನೆ ಇರುವುದು ಇನ್ನೊಂದು ರಾಜ್ಯದಲ್ಲಿ. 2020ರಲ್ಲಿ ಈ ಅಂತರದ ಅರ್ಥವೇನೆಂಬುದನ್ನು ದೇಶದಲ್ಲೇ ಮೊದಲು ಅರಿತ ಊರು ನಮ್ಮ ಕಲಬುರಗಿ.

ಉಮ್ರಾ ಯಾತ್ರೆಗೆ ತೆರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಹೈದರಾಬಾದಿಗೆ ಬಂದಿಳಿದು ಊರಿಗೆ ಮರಳಿದರು. ಆಗ ಅವರಲ್ಲಿ ರೋಗದ ಯಾವ ಲಕ್ಷಣವೂ ಇರಲಿಲ್ಲ. ಮಾರ್ಚ್ 6ರಂದು ಜ್ವರ, ಕೆಮ್ಮು ಕಾಣಿಸಿಕೊಂಡವು. ಮಾರ್ಚ್ 9ರಂದು ಸ್ಥಿತಿ ಬಿಗಡಾಯಿಸಿ ಅವರು ಆಸ್ಪತ್ರೆಗೆ ದಾಖಲಾದರು. ಅಂದು ಕಲಬುರಗಿಯಲ್ಲಿ ಈ ರೋಗದ ಪರೀಕ್ಷೆ ನಡೆಸುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಗಂಟಲ ದ್ರವದ ಮಾದರಿಯನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಇತ್ತ ಅವರನ್ನು ಹೈದರಾಬಾದಿಗೆ ಕರೆದೊಯ್ಯಲಾಯಿತು. ಅಲ್ಲಿಂದ ಮರಳುವ ದಾರಿಯಲ್ಲಿ ಮಾರ್ಚ್ 10ರಂದು ಅವರು ಕೊನೆಯುಸಿರೆಳೆದರು. ಪರೀಕ್ಷೆಯ ಫಲಿತಾಂಶ ದೃಢಪಟ್ಟದ್ದು ಮಾರ್ಚ್ 12ರಂದು. ಭಾರತದಲ್ಲಿ ಕೋವಿಡ್-19ರಿಂದ ಸಂಭವಿಸಿದ ಮೊದಲ ಸಾವು ಅದು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಬಳಿಕ ಅವರ ಕುಟುಂಬದ ಸದಸ್ಯರೊಬ್ಬರಿಗೂ ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿರುವುದು ತಿಳಿದುಬಂತು.

ಈ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂದಿನ ನಿಯಮಗಳು ರೋಗ ಹರಡಿದ ದೇಶಗಳ ಪಟ್ಟಿಯನ್ನು ಅವಲಂಬಿಸಿದ್ದವು. ಚೀನಾ, ಜಪಾನ್, ದಕ್ಷಿಣ ಕೊರಿಯಾ, ಸಿಂಗಾಪುರ ಮುಂತಾದ ಕಡೆಗಳಿಂದ ಬರುವವರ ಮೇಲೆ ನಿಗಾ ಇತ್ತು. ಸೌದಿ ಸರಕಾರವು ಫೆಬ್ರವರಿ 27ರಂದೇ ವಿದೇಶಿ ಯಾತ್ರಿಕರಿಗೆ ಉಮ್ರಾವನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಆದರೆ ಆ ದೇಶವು ತನ್ನ ಮೊದಲ ಸೋಂಕನ್ನು ಪ್ರಕಟಿಸಿದ್ದು ಮಾರ್ಚ್ 2ರಂದು, ಅಂದರೆ ಆ ಹಿರಿಯರು ಮನೆ ತಲುಪಿದ ಮೇಲೆ. ಎಲ್ಲ ದೇಶಗಳಿಂದ ಬರುವ ಪ್ರಯಾಣಿಕರನ್ನೂ ತಪಾಸಣೆಗೆ ಒಳಪಡಿಸುವುದಾಗಿ ಭಾರತ ಸರಕಾರ ಘೋಷಿಸಿದ್ದು ಮಾರ್ಚ್ 4ರಂದು. ಒಂದು ವೇಳೆ ಅಂತಹ ತಪಾಸಣೆ ಮೊದಲೇ ಇದ್ದರೂ ಜ್ವರವಿಲ್ಲದ ಮನುಷ್ಯನಲ್ಲಿ ಜ್ವರಮಾಪಕ ಏನನ್ನು ತಾನೇ ಕಂಡೀತು? ವಿಮಾನದಿಂದ ಇಳಿದ ದಿನಕ್ಕೂ ಜ್ವರ ಬಂದ ದಿನಕ್ಕೂ ನಡುವೆ ಆರು ದಿನಗಳ ಅಂತರವಿತ್ತು. ಈ ಮೌನದ ದಿನಗಳಿಗಾಗಿಯೇ ಕ್ವಾರಂಟೈನ್ ಎಂಬ ವ್ಯವಸ್ಥೆ ಹುಟ್ಟಿಕೊಂಡಿದೆ. ರೋಗ ತೋರದಿರುವವನು ನಿರೋಗಿಯೆಂದು ಖಚಿತವಾಗುವವರೆಗೆ ಕಾಯುವುದೇ ಅದರ ತಿರುಳು.

ಈ ಕಾಯುವಿಕೆ ನಮಗೆ ಹೊರಗಿನಿಂದ ಬಂದ ಕಲ್ಪನೆಯಲ್ಲ. ಸಾಂಕ್ರಾಮಿಕವಿರುವ ನಾಡಿಗೆ ಹೋಗಬಾರದು, ತಾನಿರುವ ನಾಡಿನಲ್ಲಿ ಅದು ಹರಡಿದರೆ ಅಲ್ಲಿಂದ ಓಡಿಹೋಗಬಾರದು ಎಂಬ ಆಶಯದ ಪ್ರವಾದಿ(ಸ)ರ ಬೋಧನೆ ಸಹೀಹ್ ಬುಖಾರಿಯಲ್ಲಿದೆ. ಕ್ರಿ.ಶ. 638-39ರ ಸುಮಾರಿಗೆ ಶಾಮ್ ನಾಡಿನಲ್ಲಿ ಅಮ್ವಾಸ್ ಪ್ಲೇಗ್ ಹರಡಿದಾಗ ಖಲೀಫಾ ಉಮರ್(ರ) ಆ ಕಡೆಗೆ ಪ್ರಯಾಣದಲ್ಲಿದ್ದರು. ಸರ್ಗ್ ಎಂಬಲ್ಲಿ ಅವರಿಗೆ ಸುದ್ದಿ ಮುಟ್ಟಿತು. ಅವರು ಮೊದಲು ಮುಹಾಜಿರರನ್ನು, ಬಳಿಕ ಅನ್ಸಾರರನ್ನು, ಕೊನೆಗೆ ಕುರೈಶರ ಹಿರಿಯರನ್ನು ಕರೆದು ಸಮಾಲೋಚಿಸಿದರು. ಮೊದಲ ಎರಡು ಗುಂಪುಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಹಿರಿಯರು ಮರಳಬೇಕೆಂದರು. ಉಮರ್(ರ) ಮರಳುವ ನಿರ್ಧಾರ ಕೈಗೊಂಡಾಗ ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೇ ತಾನು ಹೋಗುತ್ತಿರುವೆನೆಂಬುದು ಉಮರ್(ರ)ರ ಉತ್ತರದ ಸಾರ. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಪ್ರವಾದಿ(ಸ)ರ ಆ ಬೋಧನೆಯನ್ನು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು. ಅಬೂ ಉಬೈದಾ(ರ) ಮತ್ತು ಮುಆದ್ ಬಿನ್ ಜಬಲ್(ರ) ಅದೇ ಪ್ಲೇಗಿನಲ್ಲಿ ನಿಧನರಾದರು. ಸಾಂಕ್ರಾಮಿಕ ಬಂದಾಗ ತನ್ನ ಊರಲ್ಲೇ ಸಹನೆಯಿಂದ ಉಳಿಯುವವನಿಗೆ ಹುತಾತ್ಮನಿಗೆ ಸಮಾನವಾದ ಪ್ರತಿಫಲವಿದೆ ಎಂಬ ಹದೀಸನ್ನೂ ಇಲ್ಲಿ ನೆನೆಯಬೇಕು. ಒಬ್ಬಂಟಿಯಾಗಿ ಕೋಣೆಯಲ್ಲಿ ದಿನ ಎಣಿಸುವವನ ಸಹನೆಗೆ ನಮ್ಮ ಪರಂಪರೆ ಎಂತಹ ಗೌರವ ಕೊಟ್ಟಿದೆ ಎಂಬುದಕ್ಕೆ ಇದು ಸಾಕ್ಷಿ.

ರೋಗವಿದ್ದ ಊರುಗಳಿಂದ ಬರುವವರನ್ನು ಬಂದರಿನಲ್ಲೇ ತಡೆದು ನಿಲ್ಲಿಸುವ ಕಾನೂನು ರೂಪುಗೊಂಡದ್ದು ಮುಂದೆ ಯುರೋಪಿನಲ್ಲಿ. ಇಂದಿನ ಕ್ರೊಯೇಷಿಯಾದ ಡುಬ್ರೋವ್ನಿಕ್ ನಗರವು 1377ರಲ್ಲಿ ಪ್ಲೇಗ್ ಇರುವ ಕಡೆಗಳಿಂದ ಬಂದವರು 30 ದಿನ ಹೊರಗೆ ಕಾಯಬೇಕೆಂದು ವಿಧಿಸಿತು. ಕ್ರಮೇಣ ಅದು 40 ದಿನಗಳಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬುದಕ್ಕಿರುವ ಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದಿದೆ.

ಈ ಕಾನೂನು ಭಾರತದ ಹಾಜಿಗಳ ಬದುಕನ್ನು ನೇರವಾಗಿ ಮುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1865ರಲ್ಲಿ ಮಕ್ಕಾದಲ್ಲಿ ಕಾಲರಾ ಹರಡಿ ಸುಮಾರು 15,000 ಯಾತ್ರಿಕರು ಮೃತಪಟ್ಟರೆಂದು ಅಂದಾಜಿಸಲಾಗಿದೆ. ಮರಳುವ ಯಾತ್ರಿಕರೊಂದಿಗೆ ರೋಗವು ಸುಯೆಜ್, ಅಲೆಕ್ಸಾಂಡ್ರಿಯಾಗಳ ಮೂಲಕ ಯುರೋಪನ್ನು ತಲುಪಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿ ಹಜ್ಜ್ ಮಾರ್ಗಗಳ ಮೇಲೆ ಕಣ್ಣಿಟ್ಟಿತು. ಇದರ ಮುಂದುವರಿಕೆಯಾಗಿ ಉಸ್ಮಾನಿ ಸರಕಾರವು 1880ರ ದಶಕದ ಆರಂಭದಲ್ಲಿ ಯಮನ್ ಕರಾವಳಿಯ ಸಮೀಪ ಕೆಂಪು ಸಮುದ್ರದಲ್ಲಿರುವ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಕೇಂದ್ರವನ್ನು ತೆರೆಯಿತು. ಭಾರತದಿಂದ ಹೋಗುವ ಹಡಗುಗಳು ಜಿದ್ದಾ ತಲುಪುವ ಮುನ್ನ ಅಲ್ಲಿ ನಿಲ್ಲಲೇಬೇಕಾಗಿತ್ತು.

1871ರಲ್ಲಿ ಮುಂಬಯಿ ಮತ್ತು ಮದ್ರಾಸು ಕಡೆಯ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ, ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಿಂದ ಮುಂಬಯಿ ಬಂದರಿಗೆ ಹೋಗುವುದು ಸುಲಭವಾಗಿತ್ತು. ಅಲ್ಲಿಂದ ಹಡಗು ಹತ್ತಿದ ಯಾತ್ರಿಕನಿಗೆ ಕಮರಾನ್ ದಾಟದೆ ಮಕ್ಕಾ ಇರಲಿಲ್ಲ. ಬಿಸಿಲು, ನೀರಿನ ಕೊರತೆ, ದುಬಾರಿ ಆಹಾರ, ಬಟ್ಟೆಬರೆಗಳ ಸೋಂಕು ನಿವಾರಣೆಯ ಕಷ್ಟ, ಮೇಲಾಗಿ ತೆರಬೇಕಾದ ಶುಲ್ಕ, ಇವೆಲ್ಲವೂ ಬಡ ಹಾಜಿಗಳ ದೂರುಗಳಾಗಿದ್ದವು. ಭಾರತದ ಮುಸ್ಲಿಮ್ ವೈದ್ಯ ಡಾ. ಅಬ್ದುರ್ರಝಾಕ್ ಹಾಜಿಗಳೊಂದಿಗೆ ಪ್ರಯಾಣಿಸಿ ಅವರ ಸ್ಥಿತಿಗತಿಗಳ ಕುರಿತು ವರದಿಗಳನ್ನು ಬರೆದರು. ಜಿದ್ದಾದಲ್ಲಿ ಬ್ರಿಟಿಷ್ ಉಪ ರಾಯಭಾರಿಯಾಗಿದ್ದ ಅವರು 1895ರಲ್ಲಿ ಅಲ್ಲಿಯೇ ಹತ್ಯೆಗೀಡಾದರು. ಆರೋಗ್ಯ ಕ್ರಮಗಳ ವಿರುದ್ಧ ಜನರಲ್ಲಿ ಆಕ್ರೋಶ ಹೊಗೆಯಾಡುತ್ತಿದ್ದ ಕಾಲವದು. ಜನರಿಗೆ ಅರ್ಥಮಾಡಿಸದೆ, ಅವರ ಮಾನಕ್ಕೆ ಬೆಲೆ ಕೊಡದೆ ಹೇರಿದ ನಿಯಮ ಎಂತಹ ಅವಿಶ್ವಾಸವನ್ನು ಬಿತ್ತುತ್ತದೆ ಎಂಬುದನ್ನು ಆ ವರ್ಷಗಳು ತೋರಿಸಿಕೊಟ್ಟವು.

ಮುಂದಿನ ವರ್ಷ, 1896ರಲ್ಲಿ, ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. 1897ರಲ್ಲಿ ಸರಕಾರವು ಮುಂಬಯಿಯಿಂದ ಹಜ್ಜ್ ಪ್ರಯಾಣವನ್ನೇ ತಡೆಯಿತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಜಾರಿಗೆ ಬಂತು. 123 ವರ್ಷಗಳ ಬಳಿಕ, 2020ರ ಮಾರ್ಚ್ 11ರಂದು, ಕರ್ನಾಟಕ ಸರಕಾರ ಕೋವಿಡ್ ನಿಯಮಾವಳಿಗಳನ್ನು ಹೊರಡಿಸಿದ್ದು ಇದೇ ಕಾಯ್ದೆಯ ಬಲದಿಂದ. ಕಲಬುರಗಿಯ ಆ ಹಿರಿಯರು ನಿಧನರಾದ ಮರುದಿನವದು.

ಅಲ್ಲಿಂದಾಚೆಗೆ ನಿಯಮಗಳು ವೇಗವಾಗಿ ಬದಲಾದವು. ಯುಎಇ, ಕತಾರ್, ಒಮಾನ್, ಕುವೈತ್‌ಗಳಿಂದ ಬರುವವರಿಗೆ ಮಾರ್ಚ್ 18ರಿಂದ ಕನಿಷ್ಠ 14 ದಿನಗಳ ಕ್ವಾರಂಟೈನ್ ಕಡ್ಡಾಯವಾಯಿತು. ಮಾರ್ಚ್ 22ರಿಂದ ವಿದೇಶಿ ಪ್ರಯಾಣಿಕ ವಿಮಾನಗಳು ನಿಂತವು. ಕರ್ನಾಟಕದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತಲಾಯಿತು. ರಾತ್ರಿಯ ಹೊತ್ತನ್ನು ಬಿಟ್ಟು ಗಂಟೆಗೊಮ್ಮೆ ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದು ಕಳುಹಿಸಬೇಕೆಂಬ ಆದೇಶವೂ ಬಂತು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಹೊರದೇಶಗಳಲ್ಲಿ ಸಿಲುಕಿದ್ದವರನ್ನು ಕರೆತರತೊಡಗಿದವು. ಮೇ 24ರ ಮಾರ್ಗಸೂಚಿಯ ಪ್ರಕಾರ ಬಂದವರು 7 ದಿನ ತಮ್ಮದೇ ಖರ್ಚಿನಲ್ಲಿ ಸಾಂಸ್ಥಿಕ ಕ್ವಾರಂಟೈನ್‌ನಲ್ಲಿ, ಆಮೇಲೆ 7 ದಿನ ಮನೆಯಲ್ಲಿ ಪ್ರತ್ಯೇಕವಾಗಿರಬೇಕಿತ್ತು. ಗರ್ಭಿಣಿಯರು, ಮನೆಯಲ್ಲಿ ಸಾವು ಸಂಭವಿಸಿದವರು, ಗಂಭೀರ ಕಾಯಿಲೆಯವರು, 10 ವರ್ಷದೊಳಗಿನ ಮಕ್ಕಳಿರುವ ಪೋಷಕರಿಗೆ 14 ದಿನವೂ ಮನೆಯಲ್ಲೇ ಇರುವ ರಿಯಾಯಿತಿ ಇತ್ತು. ಕೆಲಸ ಕಳೆದುಕೊಂಡು ಮರಳಿದ ಕೊಲ್ಲಿಯ ಕಾರ್ಮಿಕನಿಗೆ ಏಳು ದಿನಗಳ ಕೋಣೆ ಬಾಡಿಗೆ ಸಣ್ಣ ಹೊರೆಯಾಗಿರಲಿಲ್ಲ. ಕಮರಾನ್ ದ್ವೀಪದ ಶುಲ್ಕದ ದೂರು ಇಲ್ಲಿ ಮರುಕಳಿಸಿದಂತಿತ್ತು.

ಕಾಲಕ್ರಮೇಣ ಪರೀಕ್ಷೆಯು ದಿನಗಳ ಕಾಯುವಿಕೆಯ ಸ್ಥಾನವನ್ನು ಪಡೆಯುತ್ತ ಬಂತು. 2020ರ ಆಗಸ್ಟ್ 8ರಿಂದ, ಪ್ರಯಾಣಕ್ಕೆ 96 ಗಂಟೆಗಳೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ತಂದವರಿಗೆ ಸಾಂಸ್ಥಿಕ ಕ್ವಾರಂಟೈನ್‌ನಿಂದ ವಿನಾಯಿತಿ ದೊರೆಯಿತು. 2021ರ ಫೆಬ್ರವರಿಯಲ್ಲಿ ಆ ಅವಧಿ 72 ಗಂಟೆಗೆ ಇಳಿಯಿತು. ಏರ್ ಸುವಿಧಾ ಎಂಬ ಜಾಲತಾಣದಲ್ಲಿ ಸ್ವಯಂಘೋಷಣೆ ತುಂಬುವುದು ಪ್ರಯಾಣದ ಭಾಗವಾಯಿತು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ವರದಿಯಾದಾಗ ಅಪಾಯದ ದೇಶಗಳಿಂದ ಬರುವವರಿಗೆ ವಿಮಾನ ನಿಲ್ದಾಣದಲ್ಲೇ ಪರೀಕ್ಷೆ, 7 ದಿನ ಮನೆಯಲ್ಲಿ ಕ್ವಾರಂಟೈನ್, 8ನೆಯ ದಿನ ಮರುಪರೀಕ್ಷೆ ಎಂಬ ಕ್ರಮ ಆಗಲೇ ಜಾರಿಯಲ್ಲಿತ್ತು. 2022ರ ಫೆಬ್ರವರಿ 14ರಿಂದ ಆ ಕ್ವಾರಂಟೈನ್ ರದ್ದಾಗಿ, ಬಂದವರು 14 ದಿನ ತಮ್ಮ ಆರೋಗ್ಯವನ್ನು ತಾವೇ ಗಮನಿಸಬೇಕೆಂಬ ಸಲಹೆಯಷ್ಟೇ ಉಳಿಯಿತು. ಅದೇ ವರ್ಷ ನವೆಂಬರ್ 22ರಂದು ಏರ್ ಸುವಿಧಾ ನಮೂನೆಯೂ ನಿಂತಿತು.

ನಿಯಮಗಳ ಈ ಕಥೆಗೆ ಇನ್ನೊಂದು ಮುಖವಿದೆ. ವಿದೇಶದಿಂದ ಬಂದ ತಬ್ಲೀಗಿಗಳ ಮೇಲೆ ರೋಗ ಹರಡಿದ ಆರೋಪ ಹೊರಿಸಿ ಅನೇಕ ಕಡೆ ಪ್ರಕರಣ ದಾಖಲಿಸಲಾಯಿತು. ಆ ದಿನಗಳಲ್ಲಿ ನಮ್ಮ ಹಣ್ಣು ತರಕಾರಿ ಮಾರುವವರೂ ಅನುಮಾನದ ನೋಟಗಳನ್ನು ಎದುರಿಸಿದರು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು 29 ವಿದೇಶಿಯರ ವಿರುದ್ಧದ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತಿದೆ ಎಂದು ಅಭಿಪ್ರಾಯಪಟ್ಟಿತು. ಡಿಸೆಂಬರ್ 9ರಂದು ಸುಪ್ರೀಮ್ ಕೋರ್ಟು, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಸೋಂಕಿತರ ಮನೆಯ ಮುಂದೆ ಭಿತ್ತಿಪತ್ರ ಅಂಟಿಸಬಾರದೆಂದು ಹೇಳಿತು. ಪ್ರತ್ಯೇಕವಾಸವು ರೋಗವನ್ನು ದೂರವಿಡುವ ಉಪಾಯ. ಅದು ಮನುಷ್ಯನನ್ನು ದೂರವಿಡುವ ನೆಪವಾದರೆ ಜನರು ಲಕ್ಷಣಗಳನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟ ರೋಗವು ಎಲ್ಲರ ಮನೆಗೂ ಬರುತ್ತದೆ.

ಆಳುವವರ ಕರ್ತವ್ಯವನ್ನು ಹೇಳಿದ ಮೇಲೆ ನಮ್ಮದನ್ನೂ ಹೇಳಲೇಬೇಕು. ನಮ್ಮ ಮನೆಗಳಲ್ಲಿ ಹಾಜಿಗಳು ಮರಳಿದ ದಿನ ಹಬ್ಬದ ದಿನವಿದ್ದಂತೆ. ಬಂಧುಬಳಗ ಬಂದು ಆಲಿಂಗಿಸುತ್ತದೆ, ದುಆ ಮಾಡಿಸಿಕೊಳ್ಳುತ್ತದೆ, ಝಮ್‌ಝಮ್ ನೀರೂ ಖರ್ಜೂರವೂ ಕೈಯಿಂದ ಕೈಗೆ ಸಾಗುತ್ತವೆ. ಇದು ಸುಂದರವಾದ ಸಂಪ್ರದಾಯ. ಆದರೆ ಲಕ್ಷಣ ತೋರದ ಆ ಮೊದಲ ದಿನಗಳಲ್ಲಿಯೇ ಮನೆ ಜನರಿಂದ ತುಂಬಿರುತ್ತದೆ ಎಂಬುದನ್ನು ಮರೆಯಲಾಗದು. ಸಾಂಕ್ರಾಮಿಕದ ಕಾಲದಲ್ಲಿ ಈ ಭೇಟಿಯನ್ನು ಎರಡು ವಾರ ಮುಂದೂಡಿದರೆ ಹಾಜಿಯ ಗೌರವಕ್ಕೆ ಕುಂದು ಬರುವುದಿಲ್ಲ. ಅವನ ಮನೆಬಾಗಿಲಿಗೆ ಊಟ ತಲುಪಿಸುವುದು, ಫೋನಿನಲ್ಲಿ ಸಲಾಮ್ ಹೇಳಿ ಯೋಗಕ್ಷೇಮ ವಿಚಾರಿಸುವುದು, ಮನೆಯ ವೃದ್ಧರಿಗೆ ಬೇರೆ ಕೋಣೆ ಮಾಡಿಕೊಡುವುದು ನೆರೆಹೊರೆಯ ಹಕ್ಕನ್ನು ಸಲ್ಲಿಸುವ ರೀತಿಯೇ ಆಗಿದೆ. ಪ್ರಯಾಣದ ವಿವರವನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳುವುದು ಅಮಾನತ್. ಅದನ್ನು ಕೇಳಿಸಿಕೊಂಡವರು ಊರಿಗೆಲ್ಲ ಸಾರದಿರುವುದೂ ಅಮಾನತ್.

ಅಂತಹ ಕಾಲ ಮತ್ತೆ ಬಾರದಿರಲಿ ಎಂದು ನಾವು ಪ್ರಾರ್ಥಿಸೋಣ. ಬಂದರೆ, ಅಧಿಕಾರಿಯ ಆದೇಶಕ್ಕಾಗಿ ಕಾಯದೆ ಕೆಲವು ದಿನ ತಾವಾಗಿಯೇ ಒಂದು ಕೋಣೆಯಲ್ಲಿ ಉಳಿಯುವ ಯಾತ್ರಿಕರೂ, ಅವರನ್ನು ಅನುಮಾನಿಸದೆ ಆದರಿಸುವ ನೆರೆಯವರೂ ನಮ್ಮ ನಡುವೆ ಇರಲಿ. ಎಚ್ಚರವೂ ತವಕ್ಕುಲೂ ಒಂದಕ್ಕೊಂದು ವಿರುದ್ಧವಲ್ಲವೆಂದು ಉಮರ್(ರ) ಸರ್ಗ್‌ನಲ್ಲಿ ಕಲಿಸಿಕೊಟ್ಟಿದ್ದಾರೆ. ಅದರಂತೆ ನಡೆಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.