ಮುಂಬಯಿಯ ಮಳೆ ಮತ್ತು ಇನ್‌ಸ್ಪೆಕ್ಟರ್ ಘೋಟೆ

ಮುಂಬಯಿಯ ಪತ್ತೇದಾರಿ ಕಥನದ ಪೂರ್ವವೃತ್ತಾಂತವನ್ನು ಅರಸಿ ಹೊರಟವನು ಗ್ರಂಥಭಂಡಾರಕ್ಕಿಂತ ಮೊದಲು ತಾಡದೇವದ ಫೋರ್ಜೆಟ್ ಬೀದಿಗೆ ಹೋಗಬೇಕು. ಆ ಬೀದಿಗೆ ಹೆಸರಿತ್ತ ಚಾರ್ಲ್ಸ್ ಫೋರ್ಜೆಟ್ 1855ರಿಂದ ನಗರದ ಪೊಲೀಸು ದಳವನ್ನು ನಡೆಸಿದವನು. ಈ ನೆಲದಲ್ಲಿಯೇ ಹುಟ್ಟಿ, ಇಲ್ಲಿಯ ಭಾಷೆಗಳನ್ನು ಇಲ್ಲಿಯವರಂತೆಯೇ ಆಡಬಲ್ಲವನಾಗಿ, ವೇಷ ಮರೆಸಿಕೊಂಡು ಪೇಟೆಯ ಜನರ ನಡುವೆ ಸುಳಿಯುತ್ತಿದ್ದವನು. 1857ರಲ್ಲಿ ಸಿಪಾಯಿಗಳು ಹೂಡಿದ್ದ ಸಂಚನ್ನು ಅವರು ಕೂಡುತ್ತಿದ್ದ ಮನೆಯ ಗೋಡೆಯ ರಂಧ್ರದಿಂದ ಕಂಡು ಕೇಳಿ ಅವನು ಬಯಲಿಗೆಳೆದನು. ಅಕ್ಟೋಬರ್ 15ರಂದು ಇಬ್ಬರು ಸೈನಿಕರನ್ನು ಎಸ್ಪ್ಲನೇಡ್ ಮೈದಾನದಲ್ಲಿ ತೋಪಿನ ಬಾಯಿಗೆ ಕಟ್ಟಿ ಹಾರಿಸಲಾಯಿತು. ಪತ್ತೇದಾರನ ಚಾತುರ್ಯವನ್ನು ಕೊಂಡಾಡುವಾಗ ಆ ತೋಪಿನ ಹೊಗೆಯನ್ನು ಮರೆಯುವುದು ನನ್ನಿಂದಾಗದು.

ಕಥೆಗಳಲ್ಲಿ ಈ ನಗರಕ್ಕೆ ದೊರೆತ ಅಧಿಕಾರಿಯಾದರೋ ಬೇರೊಂದು ಜಾತಿಯವನು. 1964ರಲ್ಲಿ ‘ದಿ ಪರ್ಫೆಕ್ಟ್ ಮರ್ಡರ್’ ಎಂಬ ಕಾದಂಬರಿಯೊಡನೆ ಆಂಗ್ಲ ಲೇಖಕ ಎಚ್. ಆರ್. ಎಫ್. ಕೀಟಿಂಗ್ ಲೋಕಕ್ಕೆ ಪರಿಚಯಿಸಿದ ಗಣೇಶ ಘೋಟೆ ಮೇಲಧಿಕಾರಿಗಳಿಗೆ ಅಂಜುವ, ಹೆಂಡತಿಯ ಮಾತಿಗೆ ಬಾಗುವ, ಆದರೆ ಹಿಡಿದ ಸತ್ಯವನ್ನು ಬಿಡದ ಸಾಮಾನ್ಯ ಗೃಹಸ್ಥನು. ಕೀಟಿಂಗ್ ಆಗ ಭಾರತವನ್ನು ಕಂಡವನೇ ಅಲ್ಲ. ಪುಸ್ತಕಗಳನ್ನೂ ಭೂಪಟಗಳನ್ನೂ ನೆಚ್ಚಿ ಬರೆದು, ಸುಮಾರು ಒಂದು ದಶಕದ ತರುವಾಯವೇ ಮುಂಬಯಿಯಲ್ಲಿ ಕಾಲಿರಿಸಿದನು. ಘೋಟೆಯ ಬಾಯಲ್ಲಿ ಅವನಿರಿಸಿದ ವಕ್ರ ಇಂಗ್ಲಿಷು ಇಂದಿಗೂ ಕಿವಿಗೆ ಕರ್ಕಶವೇ ಸರಿ. ಆದರೆ 1986ರ ‘ಅಂಡರ್ ಎ ಮಾನ್ಸೂನ್ ಕ್ಲೌಡ್’ ಈ ಮಾಲೆಯ ಶಿಖರವೆಂದು ನನ್ನ ನಿಶ್ಚಿತ ಅಭಿಪ್ರಾಯ. ಘೋಟೆ ಆರಾಧಿಸುತ್ತಿದ್ದ ಮೇಲಧಿಕಾರಿಯೊಬ್ಬನು ಕ್ರೋಧದ ಕ್ಷಣದಲ್ಲಿ ಮಸಿಕುಡಿಕೆಯನ್ನೆಸೆದು ಕೈಕೆಳಗಿನವನ ಪ್ರಾಣವನ್ನೇ ತೆಗೆಯುತ್ತಾನೆ. ಸುರಿಯುವ ಮಳೆಯಲ್ಲಿ ಆ ಶವವನ್ನು ಮರೆಮಾಡಲು ಘೋಟೆಯೂ ಕೈಜೋಡಿಸುತ್ತಾನೆ. ಬಳಿಕ ವಿಚಾರಣೆಯ ಮುಂದೆ ನಿಂತಾಗ ಅವನ ಅಂತಃಕರಣವೇ ಅವನನ್ನು ಪತ್ತೆ ಹಚ್ಚತೊಡಗುತ್ತದೆ. ಇಲ್ಲಿ ಮುಂಗಾರು ಕಥೆಗೆ ತೊಡಿಸಿದ ಅಲಂಕಾರವಲ್ಲ, ಅಪರಾಧದಲ್ಲಿ ಪಾಲುಗೊಂಡ ಸಾಕ್ಷಿ.

ಅನಂತರ ಬಂದವರಲ್ಲಿ ವಿಕ್ರಮ ಚಂದ್ರರ ಸರ್ತಾಜ್ ಸಿಂಗನು 2006ರ ‘ಸೇಕ್ರೆಡ್ ಗೇಮ್ಸ್’ನಲ್ಲಿ ಉಪನಗರಗಳ ಬೆವರನ್ನೂ ಲಂಚವನ್ನೂ ಮೈಗೆ ಹತ್ತಿಸಿಕೊಂಡೇ ನಡೆದನು.

ನಮ್ಮ ಭಾಷೆಗೆ ಈ ಪ್ರಕಾರವು ಅಪರಿಚಿತವೇನಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಸಹಸ್ರಾರು ಜನರಿಗೆ ಓದುವ ಚಟವನ್ನೇ ಹತ್ತಿಸಿದರು. ಮುಂಬಯಿಯ ಭೀತಿಯನ್ನು ಕನ್ನಡದಲ್ಲಿ ಹಿಡಿದಿಟ್ಟವರು ಯಶವಂತ ಚಿತ್ತಾಲರು. ಅವರ 1979ರ ಕಾದಂಬರಿ ‘ಶಿಕಾರಿ’ಯಲ್ಲಿ ನಾಗಪ್ಪನನ್ನು ಬೆನ್ನಟ್ಟುವ ಸಂಚುಗಳನ್ನು ಬಿಡಿಸಿಕೊಡಲು ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಆ ಭೀತಿಯನ್ನೂ ನರಸಿಂಹಯ್ಯನವರ ಕಥನದ ಓಟವನ್ನೂ ಒಂದುಗೂಡಿಸಿ, ಮಾಟುಂಗದ ಉಡುಪಿ ಹೋಟೆಲುಗಳ ಅಡುಗೆಮನೆಯನ್ನೂ ಕೋಟೆಯ ಕಚೇರಿಗಳನ್ನೂ ಬಲ್ಲ ಕನ್ನಡ ಪೊಲೀಸನೊಬ್ಬನನ್ನು ಮುಂಬಯಿಯ ನಮ್ಮ ತರುಣ ಲೇಖಕರು ಸೃಷ್ಟಿಸಲಿ. ಅವನಿಗಾಗಿ ಕಾದಿರುವ ಓದುಗರಲ್ಲಿ ನಾನೂ ಒಬ್ಬನು.