ತುರುವನೂರಿನ ಪುಂಡುಗಂದಾಯ

ಪುಂಡುಗಂದಾಯ ಎಂಬ ಮಾತು ಈಗ ಬಳಕೆಯಲ್ಲಿಲ್ಲ. ಗಲಾಟೆಯಾದ ಊರಿನ ಮೇಲೆ, ಯಾರು ಮಾಡಿದರು ಎಂದು ನೋಡದೆ ಹಾಕುತ್ತಿದ್ದ ದಂಡದ ಹೆಸರು ಅದು. ನಮ್ಮ ಚಿತ್ರದುರ್ಗ ತಾಲ್ಲೂಕಿನ ತುರುವನೂರು ಅದನ್ನು ಅನುಭವಿಸಿದ ಊರು.

1939ರಲ್ಲಿ ಮೈಸೂರು ಕಾಂಗ್ರೆಸ್ಸಿನ ಸತ್ಯಾಗ್ರಹ ನಡೆದಾಗ, ದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಇಲ್ಲಿ ಈಚಲು ಮರ ಕಡಿದರು. ಈಚಲಿನಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಅಬಕಾರಿ ಹಣ. ಕೊಡಲಿ ಬಿದ್ದದ್ದು ಮರಕ್ಕೆ, ಪೆಟ್ಟು ಖಜಾನೆಗೆ. ನಿಜಲಿಂಗಪ್ಪನವರು ಜೈಲಿಗೆ ಹೋದರು. ಊರಿಗೆ ಪುಂಡುಗಂದಾಯ ಬಿತ್ತು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1893ರಲ್ಲೇ ಒಂದು ವಿಚಾರ ಮುಂದಿಟ್ಟಿದ್ದ. ಅಪರಾಧ ಎಂದರೆ ಎಲ್ಲರ ಮನಸ್ಸನ್ನೂ ನೋಯಿಸುವ ಕೆಲಸ. ತಪ್ಪಿತಸ್ಥನಿಗೆ ಶಿಕ್ಷೆಯಾದಾಗ ಉಳಿದವರ ಒಗ್ಗಟ್ಟು ಗಟ್ಟಿಯಾಗುತ್ತದೆ ಎಂದು. ಕಳ್ಳನ ವಿಷಯದಲ್ಲಿ ಇದು ಸರಿ. ತುರುವನೂರಿನಲ್ಲಿ ಮಾತ್ರ ತಿರುವುಮುರುವು. ಊರಿನ ಒಗ್ಗಟ್ಟು ಮರ ಕಡಿದವರ ಜೊತೆಗೇ ಇತ್ತು. ಅಂಥಲ್ಲಿ ಒಬ್ಬಿಬ್ಬರನ್ನು ಜೈಲಿಗೆ ಹಾಕಿದರೆ ಸರ್ಕಾರದ ಕೆಲಸ ಮುಗಿಯುವುದಿಲ್ಲ, ಒಗ್ಗಟ್ಟಿಗೇ ದಂಡ ಹಾಕಬೇಕಾಗುತ್ತದೆ. ಆ ದಂಡಕ್ಕೆ ಮರ ಮುಟ್ಟದವನೂ ಒಂದೇ, ಕಡಿದವನೂ ಒಂದೇ. ಆ ಊರಲ್ಲಿ ಮನೆ ಇದ್ದದ್ದೇ ತಪ್ಪು! ಬ್ರಿಟಿಷ್ ಇಂಡಿಯಾದಲ್ಲೂ 1942ರ ಚಳವಳಿಯ ಹೊತ್ತಿಗೆ ಸಾಮೂಹಿಕ ದಂಡಕ್ಕೆಂದೇ ಸುಗ್ರೀವಾಜ್ಞೆ ಬಂತು.

ಇವತ್ತು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಎಲ್ಲೇ ಗುಂಪು ಗಲಾಟೆಯಾದರೂ ಎಫ್‌ಐಆರ್‌ನಲ್ಲಿ ನಾಲ್ಕಾರು ಹೆಸರಾದ ಮೇಲೆ ‘ಮತ್ತು ಇತರರು’ ಎಂದು ಬರೆಯುವುದುಂಟು. ಊರಿಗೆ ಊರೇ ಹೆದರುವುದು ಆ ಎರಡು ಪದಕ್ಕೆ. ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶದಿಂದ ಅಕ್ರಮವಾಗಿ ಗುಂಪುಗೂಡಿ, ಆ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೆ ಗುಂಪಿನ ಎಲ್ಲರೂ ಹೊಣೆ. ಹಿಂದೆ ಐಪಿಸಿ 149ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 190.

ಇದನ್ನು ಹೊಸ ಪುಂಡುಗಂದಾಯ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ದಲಿತರ ಕೇರಿಗೆ ನುಗ್ಗುವ ಗುಂಪಿನಲ್ಲಿ ಕಲ್ಲು ಯಾರ ಕೈಯದು ಎಂದು ಹುಡುಕುತ್ತ ಕೂತರೆ ಯಾರಿಗೂ ಶಿಕ್ಷೆಯಾಗದು. ಆದರೆ ಇಲ್ಲಿ ಉದ್ದೇಶ ಸಾಬೀತಾಗಬೇಕು, ಊರಿನ ಹೆಸರು ಸಾಲದು. ಏನಾಯಿತೆಂದು ನೋಡಲು ಬಂದು ಸುಮ್ಮನೆ ನಿಂತವನು ಗುಂಪಿನ ಸದಸ್ಯನಲ್ಲ ಎಂದು ಸುಪ್ರೀಂ ಕೋರ್ಟ್ 1964ರ ಮಸಾಲ್ಟಿ ತೀರ್ಪಿನಲ್ಲೇ ಹೇಳಿದೆ. ‘ಇತರರು’ ಪಟ್ಟಿಯಲ್ಲಿ ಹೆಸರು ಸೇರಿದವರು ವಕೀಲರ ಹತ್ತಿರ ಮೊದಲು ಕೇಳಬೇಕಾದ್ದು ಇದನ್ನೇ.