ಮುಂಬೈಯೊಳಗಿನ ‘ಬಾರ್ಡರ್’

ಬಾರ್ಡರ್ ಅಂದ ಕೂಡಲೇ ನಿಮಗೆ ಕಾಶ್ಮೀರದ ಮುಳ್ಳುತಂತಿಯೋ ವಾಘಾದ ಗೇಟೋ ನೆನಪಾಗುತ್ತದೆ. ಮುಂಬೈಯ ಜೋಗೇಶ್ವರಿ ಪೂರ್ವದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಹಿಂದೂಗಳ ಚಾಳುಗಳಿಗೂ ಮುಸ್ಲಿಮರ ಬಸ್ತಿಗಳಿಗೂ ನಡುವೆ ಇರುವ ರಸ್ತೆಯನ್ನೇ ಅಲ್ಲಿ ಜನ ‘ಬಾರ್ಡರ್’ ಅನ್ನುತ್ತಾರೆ. ಬೇಲಿ ಇಲ್ಲ, ಸೈನಿಕರಿಲ್ಲ. ರಿಕ್ಷಾ ಓಡುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೂ ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಜೋಗೇಶ್ವರಿಯಲ್ಲಿ ಮೊದಲೂ ಗಲಭೆಗಳಾಗಿದ್ದವು. ಗೆರೆ ಗಟ್ಟಿಯಾದದ್ದು ಮಾತ್ರ 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ, ಬಾಬರಿ ಮಸೀದಿ ಧ್ವಂಸದ ಬೆನ್ನಿಗೆ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗ ಆ ಎರಡು ತಿಂಗಳ ಲೆಕ್ಕ ಬರೆದಿಟ್ಟಿದೆ: ಸತ್ತವರು 900 ಮಂದಿ, ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಈ ಎರಡೂ ಸಂಖ್ಯೆಗಳನ್ನು ನೀವು ಒಟ್ಟಿಗೇ ಓದಬೇಕು. ಜನವರಿ 8ರ ನಸುಕಿನಲ್ಲಿ ಜೋಗೇಶ್ವರಿಯ ಗಾಂಧಿ ಚಾಳಿನ ಮನೆಯೊಂದಕ್ಕೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟಾಗ ಸುಟ್ಟುಹೋದವರು ಹಿಂದೂಗಳು. ‘ರಾಧಾಬಾಯಿ ಚಾಳ್’ ಎಂಬ ಹೆಸರಿನಲ್ಲಿ ಆ ಸುದ್ದಿ ಹಬ್ಬಿದ ಮೇಲೆ, ನಗರದ ಉದ್ದಕ್ಕೂ ಅದರ ಬೆಲೆ ತೆತ್ತವರಲ್ಲಿ ಹೆಚ್ಚಿನವರು ಅದಕ್ಕೆ ಸಂಬಂಧವೇ ಇಲ್ಲದ ಬಡ ಮುಸ್ಲಿಮರು.

ಭಯ ಆಮೇಲೆ ಮನೆ ಬದಲಿಸಿತು. ಮಿಶ್ರ ಓಣಿಗಳಲ್ಲಿದ್ದವರು ಸಿಕ್ಕ ಬೆಲೆಗೆ ಖೋಲಿ ಮಾರಿ ತಮ್ಮವರ ನಡುವೆ ಹೋದರು. ಥಾಣೆ ದಾಟಿದರೆ ಸಿಗುವ ಮುಂಬ್ರಾ ಹಾಗೆ ಬೆಳೆದ ಊರು. ಸ್ಟೇಷನ್ನಿನಲ್ಲಿ ಇಳಿದು ತಲೆ ಎತ್ತಿ ನೋಡಿ: ಪಾರ್ಸಿಕ್ ಬೆಟ್ಟದ ಮೇಲೆ ಮುಂಬ್ರಾ ದೇವಿಯ ಗುಡಿ, ಕೆಳಗೆ ಮಸೀದಿಗಳ ಮಿನಾರು. ಬೆಳಿಗ್ಗೆ ಲೋಕಲ್ ಹಿಡಿಯುವ ಗುಂಪಿನಲ್ಲಿ ದರ್ಜಿ, ನರ್ಸು, ಮೇಷ್ಟ್ರು, ಕಾಲೇಜು ಹುಡುಗಿಯರು ಎಲ್ಲರೂ ಇದ್ದಾರೆ. ಇಂಥ ಊರನ್ನೇ ಹೊರಗಿನವರು ‘ಮಿನಿ ಪಾಕಿಸ್ತಾನ’ ಅಂದುಬಿಡುತ್ತಾರೆ. ಮೊದಲು ಮಿಶ್ರ ಓಣಿಯಲ್ಲಿ ಬಾಳಲು ಬಿಡಲಿಲ್ಲ, ಆಮೇಲೆ ‘ಯಾಕೆ ಒಂದೇ ಕಡೆ ಗುಂಪು ಕಟ್ಟಿದ್ದೀರಿ’ ಅಂತ ಕೇಳಿದರೆ ಏನು ಹೇಳೋದು?

ಗೆರೆ ಅಳಿಸಲು ನೋಡಿದವರೂ ಇದ್ದಾರೆ. ಗಲಭೆಯ ನಂತರ ಹುಟ್ಟಿದ ಮೊಹಲ್ಲಾ ಕಮಿಟಿಗಳು ಪೊಲೀಸರನ್ನೂ ಎರಡೂ ಕಡೆಯ ಜನರನ್ನೂ ಒಟ್ಟಿಗೆ ಕೂರಿಸಿದವು. ಧಾರಾವಿಯಲ್ಲಿ ಭಾವು ಕೊರ್ಡೆ ಮತ್ತು ವಕಾರ್ ಖಾನ್ ಎಂಬ ಇಬ್ಬರು ಗೆಳೆಯರು ನಾಲ್ಕು ಧರ್ಮಗಳ ವೇಷ ತೊಟ್ಟ ಮಕ್ಕಳ ಪೋಸ್ಟರ್ ಮಾಡಿ ಹಂಚಿದರು. ವದಂತಿ ಹುಟ್ಟಿದಾಗ ‘ಅದು ನಿಜವಾ?’ ಅಂತ ಆಚೆ ಬದಿಗೆ ಕೇಳಿ ತಿಳಿಯಲು ಒಬ್ಬ ಗುರುತಿನ ಮನುಷ್ಯ ಬೇಕು. ಕಮಿಟಿಗಳು ಕೊಟ್ಟದ್ದು ಅದನ್ನೇ.

ನಮ್ಮ ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಇಂದಿಗೂ ಹುಡುಗರು ಓದಿಗೆ, ಕೆಲಸಕ್ಕೆ ಮುಂಬೈ ಸೇರುತ್ತಾರೆ. ನೀವೂ ಹೋಗಬಹುದು. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ ‘ಖಾಲಿ ಇಲ್ಲ’ ಅನ್ನುವ ಮಾತು ಕಿವಿಗೆ ಬಿದ್ದರೆ, ಬಾರ್ಡರ್ ಇನ್ನೂ ಎಲ್ಲಿ ಬದುಕಿದೆ ಅಂತ ತಿಳಿಯುತ್ತದೆ. ದುಡಿಮೆ ಅದನ್ನು ದಿನಾ ದಾಟುತ್ತದೆ, ತರಕಾರಿ ದಾಟುತ್ತದೆ, ಹೊಲಿದ ಬಟ್ಟೆ ದಾಟುತ್ತದೆ. ದಾಟಲಾಗದೆ ನಿಂತಿರುವುದು ನೆರೆಮನೆ. ಹಾಗಾಗಿ ಅಲ್ಲಿಗೆ ಹೋದರೆ ಗಾಯ ನೋಡಿ ಬರಬೇಡಿ. ಎರಡೂ ಬದಿಯಲ್ಲಿ ಒಂದೊಂದು ಚಹಾ ಕುಡಿಯಿರಿ, ಎರಡೂ ಬದಿಯ ಹಿರಿಯರಿಂದ ಆ ಎರಡು ತಿಂಗಳ ಕತೆ ಕೇಳಿ ಬರೆದಿಡಿ. ಅದನ್ನು ಕಂಡವರಿಗೆ ವಯಸ್ಸಾಗುತ್ತಿದೆ.